ಇಳಿಸುವ ಲೆಕ್ಕ

ಮೂವತ್ತು ಕೇಜಿ ಮೇಲಕ್ಕೆ, ಖಾಲಿ ಹದಿನೈದು ಕೆಳಕ್ಕೆ.
ಲಗ್ಗೆರೆಯ ಲಿಫ್ಟಿಲ್ಲದ ಮನೆಗಳ ಮೆಟ್ಟಿಲನ್ನು
ಇಪ್ಪತ್ತೊಂದು ವರ್ಷ ಎಣಿಸಿದ್ದು ಈ ಮೊಣಕಾಲು.
ಮಂಡಿ ಸವೆದಿಲ್ಲ ಸಂಪಂಗಿ, ತೊಡೆ ಸೋತಿದೆ,
ಅಂದರು ಇಎಸ್‌ಐ ಡಾಕ್ಟರು,
ಮಾತ್ರೆ ಬರೆಯದೆ.

ಕೋಳಿ ಅಂಗಡಿಯ ಮೇಲೆ ತಗಡಿನ ಸೂರಿನ ಜಿಮ್ಮು.
ಮಾಲೀಕರ ಮನೆಗೆ ನಾನೇ ಗ್ಯಾಸು; ತಿಂಗಳ ಫೀಸು ಮನ್ನಾ.
ಹೇಳಿಕೊಡುವವಳು ಶೀಬಾ, ನನ್ನ ತಂಗಿಯ ಮಗಳ ವಯಸ್ಸು.
ಕಬ್ಬಿಣದ ಸಲಾಕೆ ನೋಡಿ ನನಗೆ ನಗು:
ಅದರ ತೂಕ ನನ್ನೊಂದು ಸಿಲಿಂಡರಿಗೂ ಕಡಿಮೆ.

“ಎತ್ತೋದು ಬಿಡಿ ಅಂಕಲ್, ಅದು ನಿಮಗೆ ಬರುತ್ತೆ.
ಇಳೀರಿ. ನಾಲ್ಕು ಎಣಿಸುತ್ತ ಇಳೀರಿ.”

ಒಂದು.
ಎರಡಕ್ಕೆ ತೊಡೆ ಕೇಳಿತು, ಯಾಕೆ?
ಮೂರಕ್ಕೆ ನಡುಕ. ಕೆಳಗೆ ಯಾರೋ ಕೋಳಿ ತೂಗಿಸುತ್ತಿದ್ದರು.
ನಾಲ್ಕು ಬರಲೇ ಇಲ್ಲ, ನಾನೇ ಕೂತುಬಿಟ್ಟೆ.

ಮರುದಿನ ಏನಿಲ್ಲ. ಬೀಗುತ್ತ ಹದಿನೆಂಟು ಮನೆ ಮುಗಿಸಿದೆ.
ಅದರ ಮರುದಿನ ನೋವು ವಿಳಾಸ ಹುಡುಕಿಕೊಂಡು ಬಂತು.
ಕಕ್ಕಸಿನಲ್ಲಿ ಕೂರಲು ನಲ್ಲಿ ಹಿಡಿದೆ, ನಲ್ಲಿ ಕಿತ್ತು ಬಂತು.
ಕೆಂಪಮ್ಮ ಎಳ್ಳೆಣ್ಣೆ ಕಾಯಿಸಿ ತಂದು
ನಗು ತಡೆಯಲು ಸೆರಗು ಕಚ್ಚಿಕೊಂಡಳು.
ಹತ್ತುವಾಗ ಅಷ್ಟಿಲ್ಲ; ಇಳಿಯುವ ಪ್ರತಿ ಮೆಟ್ಟಿಲಿಗೂ
ತೊಡೆಯೊಳಗೆ ಯಾರೋ ಉಪ್ಪು ಅರೆದ ಹಾಗೆ.

ಶೀಬಾ ಅಂದಳು: ಎತ್ತುವಾಗ ಸ್ನಾಯು ಕುಗ್ಗುತ್ತೆ, ನಿಮಗದು ಅಭ್ಯಾಸ.
ಭಾರ ಹಿಡಿದೇ ಹಿಗ್ಗಬೇಕಾದಾಗ
ಎಳೆ ಎಳೆಯಾಗಿ ಒಳಗೆ ಸೀಳುತ್ತೆ,
ಕಣ್ಣಿಗೆ ಕಾಣದಷ್ಟು.
ಊತ ಬರುತ್ತೆ, ರಿಪೇರಿಯೋರು ಬರ್ತಾರೆ. ಕೆಲಸ ಮಾಡೋಕೆ ಬಿಡಿ.
ಮೊಟ್ಟೆ ತಿನ್ನಿ. ನಿದ್ದೆ ಮಾಡಿ.

ನನ್ನೊಳಗೂ ರಸ್ತೆ ಅಗೆದಿದ್ದಾರೆ ಅಂದುಕೊಂಡೆ.
ಲಗ್ಗೆರೆ ತುಂಬ ಗುಂಡಿ, ಗುಂಡಿಯಲ್ಲಿ ಹಳದಿ ಪೈಪು;
ಗ್ಯಾಸು ಇನ್ನು ತಾನೇ ನಡೆದು ಬರುತ್ತದಂತೆ ಮನೆಮನೆಗೆ.
ಅಲ್ಲಿ ಮುಚ್ಚಿದ ಮಣ್ಣು ವಾರಕ್ಕೇ ಕುಸಿಯುತ್ತೆ.
ಇಲ್ಲಿ,
ಎಂಟನೇ ದಿನ ಅದೇ ಸಲಾಕೆ, ಅದೇ ನಾಲ್ಕು;
ನೋವು ಬಂತು, ಬಾಗಿಲಲ್ಲೇ ನಿಂತು ವಾಪಸ್ಸಾಯಿತು.

ನಿನ್ನೆ, ಮೂರನೇ ಮಹಡಿ, ಸರಸಮ್ಮನವರ ಅಡುಗೆಮನೆ.
ಹೆಗಲಿಂದ ದಢ್ ಎಂದು ಇಳಿಸುವುದೇ ನನ್ನ ರುಜು;
ಆ ಮೂಲೆಯ ಹಾಸುಗಲ್ಲು ಒಡೆದದ್ದೂ ನಾನೇ.
ಮಂಡಿ ಮಡಿಸಿದೆ. ಒಂದು. ಎರಡು. ಮೂರು.
ಸಿಲಿಂಡರು ನೆಲಕ್ಕೆ ತಾಗಿದ್ದು
ಅವರಿಗಿರಲಿ, ನನಗೇ ಕೇಳಲಿಲ್ಲ.
ಒಗ್ಗರಣೆ ಸೌಟು ಹಿಡಿದೇ ತಿರುಗಿ ಬೆಚ್ಚಿದರು:
“ಅಯ್ಯೋ, ಯಾವಾಗ ಬಂದ್ಯೋ?”