ಕಿರುಬೆರಳು

ಮಂಡಕ್ಕಿ ಭಟ್ಟಿಯ ಹೊಗೆ ದಾಟಿ
ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿಗೆ ಕಾದು
ಡ್ರಿಲ್ಲು, ಟೆಸ್ಟರು, ಒಂದು ಡಬ್ಬಿ ಬುದ್ಧಿವಂತ ಬಲ್ಬು ಹಿಡಿದು
ಬಿ ಬ್ಲಾಕಿನ ಆ ಮನೆ ಮುಟ್ಟಿದಾಗ ಎಂಟೂವರೆ.
ಬಿಸಿಲು ಆಗಲೇ ಅಂಗಿಗೆ ಅಂಟಿತ್ತು.

ಇಪ್ಪತ್ತೆರಡು ವರ್ಷ ವೈರು ಎಳೆದವನು ನಾನು, ಜಿಲಾನಿ.
ಗೋಡೆ ಕೊರೆದು, ಪೈಪು ಹೂತು, ಸಿಮೆಂಟಿನ ಪುಡಿ ನುಂಗಿದವನು.
ಈಗ ಗಾಳಿಯಲ್ಲೇ ಕೆಲಸ.
ಗುಡಿಸಲು ಕಸವೂ ಬೀಳುವುದಿಲ್ಲ,
ಕೂಲಿ ಕೇಳಲು ನಾಚಿಕೆ.

ಶಿವಲೀಲಾ ಮೇಡಂ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದವರು.
ಹದಡಿ ರಸ್ತೆಯಲ್ಲಿ ಸ್ಕೂಟರು ಬಿದ್ದ ಮೇಲೆ
ಕುತ್ತಿಗೆಯಿಂದ ಕೆಳಗೆ ಏನೂ ಮಾತು ಕೇಳುವುದಿಲ್ಲ.

ಇದಕ್ಕೆ ಕನ್ನಡ ಬರುತ್ತೆ ಮೇಡಂ, ಅಂದೆ.
ಬರುತ್ತೆ, ನಮ್ಮದಲ್ಲ.
‘ಲೈಟು ಆರಿಸು’ ಅಂದರು.
‘ಆರಿಸಲು ನಾಲ್ಕು ಲೈಟುಗಳಿವೆ, ಯಾವುದು ಬೇಕು?’
ಸೀರೆ ಅಂಗಡಿಯವನ ಹಂಗೆ ಕೇಳಿತು ಡಬ್ಬಿ.
‘ಲೈಟು ತೆಗಿಯಪ್ಪ ಮಾರಾಯ’ ಅಂದರು.
ಅತ್ತ ತಲೆಬಾಗಿಲು ಟಕ್ಕೆಂದು ತೆರೆದುಕೊಂಡಿತು.
ತಪ್ಪು ಅದರದಲ್ಲ.
ಬಾಗಿಲು ತೆಗೆದರೆ ಬೆಳಕು,
ಲೈಟು ತೆಗೆದರೆ ಕತ್ತಲೆ,
ಒಂದೇ ಮಾತಲ್ಲಿ ಎರಡನ್ನೂ ಇಟ್ಟುಕೊಂಡವರು ನಾವು.

ಮಧ್ಯಾಹ್ನದ ಹೊತ್ತಿಗೆ ಅವರಿಗೂ ಅದಕ್ಕೂ ರಾಜಿಯಾಯಿತು.
ಪರದೆ ಎಳೆದುಕೊಂಡಿತು. ಲೈಟು ಹೋಯಿತು.
ಕತ್ತಲೊಳಗಿಂದ ದನಿ:
‘ನಾಕು ವರ್ಷ ಆಗಿತ್ತು ಜಿಲಾನಿ,
ಯಾರ್ನೂ ಕರೀದೆ ನಾನೇ ಕತ್ಲೆ ಮಾಡ್ಕೊಂಡು.’
ಎಷ್ಟೋ ಮನೆಗೆ ಬೆಳಕು ಕೊಟ್ಟು ಚೌಕಾಸಿ ಕೇಳಿದ್ದೇನೆ.
ಕತ್ತಲೆ ಸಿಕ್ಕಿತೆಂದು ಇಷ್ಟು ನಕ್ಕವರನ್ನು ಕಂಡಿರಲಿಲ್ಲ.

ಬಾಗಿಲಿನ ಕಥೆ ಬೇರೆ.
ನಿಟ್ಟುವಳ್ಳಿಯಿಂದ ನಡೆದು ಬರುವ ಕೆಂಚಮ್ಮ
ಸೆರಗಿಗೆ ಕೈ ಒರೆಸಿ ಹೆಬ್ಬೆರಳು ಒತ್ತಿದಳು.
ಮತ್ತೆ ಪ್ರಯತ್ನಿಸಿ.
ತೋರುಬೆರಳು. ಮತ್ತೆ ಪ್ರಯತ್ನಿಸಿ.
ಪಾತ್ರೆ ಪುಡಿ, ಫಿನಾಯಿಲು, ತೆಂಗಿನ ನಾರು
ಎಲ್ಲಾ ಸೇರಿ ಗೆರೆಗಳನ್ನು ತಿಕ್ಕಿ ತೊಳೆದಿದ್ದವು.
‘ರೇಷನ್ ಅಂಗಡ್ಯಾಗೂ ಹಿಂಗೇ ಮಾಡ್ತತಿ ನೋಡಪ್ಪ.’
ಹತ್ತನೆಯದು, ಎಡಗೈ ಕಿರುಬೆರಳು:
ಹಸಿರು ದೀಪ.
‘ಅಲ್ಲೋ, ಇದೊಂದೇ ಏನೂ ದುಡೀದ ಬೆರಳು.
ಇದನ್ನ ನೋಡಿ ನಾನು ಅಂತ ಗುರ್ತು ಹಿಡೀತತಾ?’
ಭಟ್ಟಿಯ ಕಾದ ಮರಳಲ್ಲಿ ಬೆಂದ ನನ್ನ ಅಮ್ಮನ ಕೈ ನೆನಪಾಗಿ
ಸುಮ್ಮನೆ ಸ್ಕ್ರೂ ಬಿಗಿ ಮಾಡಿದೆ.

ಮೊದಲು ಬೀಗದ ಕೈ ತುಳಸಿ ಕುಂಡದ ಹಿಂದೆ ಇರುತ್ತಿತ್ತಂತೆ.
ಅವಳು ಬಂದದ್ದು ಗೊತ್ತಾಗುತ್ತಿದ್ದದ್ದು ಒಗ್ಗರಣೆಯ ಚಟಪಟಕ್ಕೆ.
ತಡವಾದರೆ ಬೈಗುಳ, ಚಹಾ ಕುಡಿಯುವಷ್ಟರಲ್ಲಿ ಮರೆವು.
ಈಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೂತ ಮಹಾಂತೇಶಣ್ಣನ ಫೋನು
ಆರು ಹದಿನಾಲ್ಕು, ಆರು ಹದಿನೇಳು ಎಂದು ಬರೆದಿಡುತ್ತದೆ.
ಅಣ್ಣ ಒಳ್ಳೆಯವನು, ಬೈಯುವುದಿಲ್ಲ.
ತಿಂಗಳ ಕೊನೆಗೆ ಫೋನು ತೋರಿಸುತ್ತಾನೆ, ಅಷ್ಟೇ.

ಶ್ರಾವಣದಲ್ಲೊಂದು ಸಂಜೆ ಚರಂಡಿ ಅಗೆಯುವ ಜೆಸಿಬಿ
ಕೇಬಲ್ಲು ಹರಿಯಿತು. ನೆಟ್ಟು ಸತ್ತಿತು.
ಅಣ್ಣ ಹುಬ್ಬಳ್ಳಿಗೆ ಹೋಗಿದ್ದ.
ಕಣ್ಣಿಗೆ ನೆಟ್ಟ ಬೆಳಕಿನ ಕೆಳಗೆ ಮೇಡಂ
ಆರಿಸು, ತೆಗೆ, ನಂದಿಸು,
ಗೊತ್ತಿದ್ದ ಕನ್ನಡವೆಲ್ಲ ಸುರಿದರು.
ಕೊನೆಗೆ ಚಪ್ಪಲಿ ಮೆಟ್ಟಿದ್ದ ಕೆಂಚಮ್ಮ ವಾಪಸ್ಸು ಬಂದು
ಗೋಡೆಯ ಸ್ವಿಚ್ಚು ಒತ್ತಿದಳು.
ಬೆರಳು ಯಾರದೆಂದು ಅದು ಕೇಳಲಿಲ್ಲ.
ಹತ್ತರವರೆಗೂ ಕತ್ತಲಲ್ಲಿ ಕಾಲೊತ್ತುತ್ತ ಕೂತಿದ್ದಳಂತೆ.
ಅವಳು ಮನೆಗೆ ಹೋದ ಹೊತ್ತು
ಯಾವ ಫೋನಿನಲ್ಲೂ ಇಲ್ಲ.

ಮರುದಿನ ರಿಪೇರಿಗೆ ಹೋದಾಗ ಮೇಡಂ ಮೆಲ್ಲಗೆ,
‘ಆ ಹೊತ್ತು ಬರೆಯೋದೊಂದನ್ನ ತೆಗಿಯಪ್ಪ.’
ಡಬ್ಬಿ ಕೇಳಿತು: ‘ಕ್ಷಮಿಸಿ, ಯಾವುದನ್ನು ತೆಗೆಯಲಿ?’
ನಿನಗಲ್ಲ, ಅಂದೆ.
ತೆಗೆದೆ. ಅಣ್ಣ ಇನ್ನೂ ಕೇಳಿಲ್ಲ.

ರಾತ್ರಿ ಮನೆಗೆ ಬಂದರೆ ಅಮ್ಮ,
ಎರಡೂ ಕೈಯಲ್ಲಿ ಮಂಡಕ್ಕಿ ಚೀಲ,
ಮೊಣಕೈಯಿಂದ ತಿವಿದು ಲೈಟು ಹಾಕಿದಳು.
ಸ್ವಿಚ್ಚಿನ ಸುತ್ತ ಗೋಡೆ ಕಪ್ಪಾಗಿದೆ.
ಸುಣ್ಣ ಬಳಿಯಬೇಕು ಈ ಸಲ.