ಎರಡನೇ ಡಬ್ಬ

ಸಾಲಗಾಮೆ ರಸ್ತೆಯ ಕಲ್ಯಾಣ ಮಂಟಪ.
ನಿನ್ನೆಯ ಮದುವೆಯ ಬಾಳೆಕಂದು ಇನ್ನೂ ಬಾಗಿಲಿಗೇ ಇದೆ,
ಒಳಗೆ ಸಾರಿನ ವಾಸನೆ.
ವಧೂವರರು ಕೂತಿದ್ದ ವೇದಿಕೆಯ ಮೇಲೆ ಇವತ್ತು
ಸುರುಳಿ ಸುರುಳಿ ರತ್ನಗಂಬಳಿ.
ಹತ್ತೇ ದಿನ, ಅರ್ಧ ಬೆಲೆ, ಎಂದು ಆಟೋದ ಮೈಕು ಕೂಗಿ ಹೋಗಿತ್ತು.

ನಮಗೆ ಬೇಕಾದದ್ದು ಸಣ್ಣ ಕಾರಣಕ್ಕೆ:
ಟೈಲ್ಸು ಕಾಲು ಕೊರೆಯುತ್ತದೆ, ಕೆಳಮನೆಯ ಮೇಷ್ಟರು
ನಾವು ಕುರ್ಚಿ ಎಳೆದದ್ದನ್ನೆಲ್ಲ ಲೆಕ್ಕ ಇಟ್ಟಿದ್ದಾರೆ.
ಕಾಲೊರೆಸುವುದಕ್ಕೆ ಇಷ್ಟು ದುಡ್ಡೇ, ಜಮಖಾನ ಸಾಲದೇ, ಎಂದರು ಅತ್ತೆ.
ಹಾಲಿನ ಅಳತೆ ನನ್ನ ಪರ್ಸಿನಲ್ಲಿದೆ, ರಕ್ತಪರೀಕ್ಷೆಯ ಚೀಟಿಯ ಬೆನ್ನಿಗೆ:
ಒಂಬತ್ತು ಅಡಿ, ಆರು,
ಬಾಗಿಲು ತೆರೆಯಲು ಒಂದು ಗೇಣು ಬಿಟ್ಟು.

ಗುಲ್ಜಾರ್ ಸಾಹೇಬರು ಶ್ರೀನಗರದವರು,
ಹಾಸನದ ಚಳಿ ಒಂದು ಚಳಿಯೇ ಎಂದು ನಕ್ಕರು,
ಹಾಕಿದ್ದು ಮಾತ್ರ ಎರಡು ಸ್ವೆಟರು.
ಎತ್ತಿ ಒಗೆದರೆ ಒಂದೊಂದೂ ಗಾಳಿಯಲ್ಲೇ ಬಿಚ್ಚಿಕೊಂಡು
ಧಪ್ಪೆಂದು ಬೀಳುತ್ತದೆ.
ಇದು ತಬ್ರೀಜ್, ಇದು ಕಾಶಾನ್,
ಇದು ಬುಖಾರಾ, ಆನೆ ಹೆಜ್ಜೆ ನೋಡಿ ಅಮ್ಮಾ.
ಆನೆ ಹೆಜ್ಜೆ ನಮಗೇನು ಹೊಸದಲ್ಲ, ಅಂದರು ಇವರು.
ಸಕಲೇಶಪುರದ ಕಡೆ ಲೈನ್‌ಮನ್ ಕೆಲಸ ಇವರದು.

ಮುಖ ನೋಡಬೇಡಿ, ಬೆನ್ನು ನೋಡಿ, ಎಂದು
ಮಗುಚಿ ಹಾಕಿ ಭೂತಗನ್ನಡಿ ಕೊಟ್ಟರು ಕೈಗೆ.
ಬೆನ್ನಲ್ಲೂ ಅದೇ ಹೂವು, ಕೊಂಚ ಮಂಕಾಗಿ,
ಪಕ್ಕದ ಮನೆಯಿಂದ ಕೇಳಿದ ಮಾತಿನ ಹಾಗೆ.
ದಿನವಿಡೀ ಗಾಜಿನ ಪಟ್ಟಿಯ ಮೇಲೆ ರಕ್ತಕಣ ಎಣಿಸುವವಳು ನಾನು,
ಎಣಿಸಿದೆ: ಅಂಗುಲಕ್ಕೆ ಹದಿನಾರು ಗಂಟು ಅಡ್ಡಕ್ಕೆ, ಉದ್ದಕ್ಕೆ ಹದಿನೈದು.
ಕುಚ್ಚು ಆಮೇಲೆ ಹೊಲಿದದ್ದಲ್ಲ, ಹಾಸಿನ ನೂಲೇ ಹೊರಬಂದದ್ದು.
ಒದ್ದೆ ಕರವಸ್ತ್ರದಲ್ಲಿ ಉಜ್ಜಿದೆ, ಕೆಂಪು ಬಿಡಲಿಲ್ಲ.
ಒಂದೆಳೆ ಸುಟ್ಟು ತೋರಿಸಿದರು, ಕೂದಲು ಕರಕಲಾದ ವಾಸನೆ.
ಧಾತ್ರಿ ಮೂಗು ಮುಚ್ಚಿಕೊಂಡು, ಕುರಿ, ಅಂದಳು.

ಕೊನೆಗೆ ಬಿಚ್ಚಿದ್ದು ನೀಲಿ.
ಮುಕ್ಕಾಲು ಪಾಲು ಇರುಳಿನ ನೀಲಿ,
ಅಲ್ಲಿಂದ ಕೆಳಕ್ಕೆ, ಗೆರೆ ಹೊಡೆದ ಹಾಗೆ,
ಹತ್ತು ಸಲ ಒಗೆದ ಸೀರೆಯ ನೀಲಿ.
ಗೆದ್ದ ಮುಖದಲ್ಲಿ ಇವರು ಬೆರಳಿಟ್ಟರು: ಡ್ಯಾಮೇಜು. ಕಮ್ಮಿ ಮಾಡಿ.
ಸಾಹೇಬರು ಕಿವಿ ಮುಟ್ಟಿಕೊಂಡರು.
ತೋಬಾ, ಇದಕ್ಕೆ ಅಬ್ರಶ್ ಅಂತಾರೆ. ನೇಯುವಾಗ ಉಣ್ಣೆ ಮುಗಿಯಿತು,
ಮತ್ತೆ ಕುದಿಸಿದ ಹಂಡೆಯಲ್ಲಿ ಬಣ್ಣ ಬೇರೆ ಬಂತು.
ಮೆಶಿನ್ನಿಗೆ ಇದು ಬರುತ್ತದಾ? ಕೈ ಕೆಲಸಕ್ಕೆ ಇದೇ ಸಾಕ್ಷಿ.
ನಾಲ್ಕು ಸಾವಿರ ಜಾಸ್ತಿ ಇದಕ್ಕೆ.

ಜಾಸ್ತಿ.

ಪೆನ್ಷನ್ ಮೊಹಲ್ಲಾದ ಯಾವುದೋ ಮಹಡಿ ಮನೆ, ಹಬ್ಬದ ಹಿಂದಿನ ದಿನ.
ಸುಣ್ಣ ಸಿಡಿದ ಬನಿಯನ್ನಿನಲ್ಲಿ ನಮ್ಮಪ್ಪ, ಪೇಂಟರ್ ದ್ಯಾವಯ್ಯ,
ಏಣಿಯ ಬುಡದಲ್ಲಿ ನಿಂತು ಯಜಮಾನರ ಬೆರಳನ್ನೇ ನೋಡುತ್ತಿದ್ದಾನೆ.
ಗೋಡೆಯ ನಡುವೆ ಒಂದು ಗೆರೆ,
ಆಚೆ ಮೊದಲ ಡಬ್ಬ, ಈಚೆ ಎರಡನೆಯದು.
ಅದೇ ಅಂಗಡಿ, ಅದೇ ನಂಬರು, ನಾನೇ ಬೆರೆಸಿದ್ದು ಸ್ವಾಮಿ,
ಎರಡನೇ ಡಬ್ಬ ಯಾವತ್ತೂ ಮೊದಲನೇದರ ಮಾತು ಕೇಳಲ್ಲ.
ಎರಡು ದಿನದ ಕೂಲಿ ಮುರಿದುಕೊಂಡರು.
ಬುತ್ತಿ ತಂದಿದ್ದ ನಾನು, ಒಂಬತ್ತು ವರ್ಷ,
ಆ ಗೆರೆಯನ್ನು ಉಗುರಿನಲ್ಲಿ ಕೆರೆದು ನೋಡಿದ್ದೆ, ಹೋಗುತ್ತದೇನೋ ಎಂದು.

ಇವರು ಚೌಕಾಸಿಗೆ ತೋಳು ಮಡಿಸುತ್ತಿದ್ದರು,
ನಾನು ಬೇಡ ಅಂದೆ.
ಯಾಕೆ, ಎಂದು ಆಟೋದಲ್ಲಿ ಮೂರು ಸಲ ಕೇಳಿದರು.
ಕಂತಿನ ಲೆಕ್ಕ ಹೇಳಿದೆ, ಅಷ್ಟೆ.
ಸುರುಳಿಯ ಒಂದು ತುದಿ ಆಟೋದಿಂದ ಹೊರಗೆ ಚಾಚಿತ್ತು,
ಎನ್.ಆರ್. ಸರ್ಕಲ್ಲಿನ ಪೊಲೀಸು ಬಗ್ಗಿ ನೋಡಿದ.

ಭಾನುವಾರ ಅಪ್ಪ ಬಂದ.
ಚಪ್ಪಲಿ ಬಿಟ್ಟು ಕಾಲು ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ,
ಆದರೂ ತುಳಿಯಲಿಲ್ಲ.
ಅಂಚಿನಲ್ಲೇ ಮಂಡಿಯೂರಿದ.
ಟರ್ಪೆಂಟೈನು ತಿಂದ ಹೆಬ್ಬೆರಳು
ನೀಲಿಯ ಮೇಲೆ ನಿಧಾನ ಸರಿದು, ಗೆರೆ ಬಂದಲ್ಲಿ ನಿಂತಿತು.
"ಇಲ್ಲಿ ಡಬ್ಬ ಮುಗ್ದದೆ."
ಹ್ಞೂಂ, ಅಂದೆ.
ಕಾಫಿ ಆರಿ ಕೆನೆ ಕಟ್ಟಿದ ಮೇಲೆ
ತಲೆ ಎತ್ತದೆ ಕೇಳಿದ:
"ಅವನ್ದೂ ಕೂಲಿ ಮುರ್ಕಂಡ್ರಾ?"