ಓಳಂಬ

ಬೆಟಗೇರಿ ರಸ್ತಾಕ ನಗರಸಭಾದ ಹೊಸಾ ಕಟ್ಟಡ ಎದ್ದೈತಿ.
ದಕ್ಷಿಣದ ಗ್ವಾಡಿ ಹನ್ನೊಂದು ಡಿಗ್ರಿ ಹೊರಗ ವಾಲೈತಿ.
ವಾಲಿಸಿದಾಂವ ನಾನ.

ಅಲ್ಲಿಸಾಬ ಗೌಂಡಿ ನನಗ ಕೆಲಸ ಕಲಿಸಿದಾಂವ,
ಮೊದಲನೇ ದಿನ ಕೈಯಾಗ ಕರಣಿ ಕೊಡಲಿಲ್ಲ,
ಓಳಂಬ ಕೊಟ್ಟ. ಹಿತ್ತಾಳಿ ಗುಂಡು, ಎಣ್ಣಿ ಕುಡದ ದಾರ.
‘ಇದು ಯಾರ ಮಾತೂ ಕೇಳಂಗಿಲ್ಲ’ ಅಂದ,
‘ಸಾವಕಾರಂದೂ.’
ಕೂದಲೆಳಿಯಷ್ಟು ಸರದರ ಸಾಕು
ಕಟ್ಟಿದ ಗ್ವಾಡಿ ಒದ್ದು ಕೆಡವತಿದ್ದ,
ಮ್ಯಾಲ ನನಗೂ ಒಂದು.

ಈಗ ಪುಣೆದಿಂದ ಬಂದ ಆರ್ಕಿಟೆಕ್ಟ್ ಹುಡುಗಿ,
ತಲಿಮ್ಯಾಲ ಹಳದಿ ಟೊಪಗಿ, ಬೂಟಿಗೆ ನಮ್ಮೂರ ಕರಿಮಣ್ಣು,
‘ಗೋಡೆ ನಿಲ್ಲಬಾರದು ಕಾಕಾ, ಹೊರಡಬೇಕು’ ಅಂದ್ಲು.
ಎಲ್ಲಿಗೆ ಅಂತ ನಾ ಕೇಳಲಿಲ್ಲ.

ಕಬ್ಬಿಣ ಹೆಣದ್ವಿ. ಇಡೀ ರಾತ್ರಿ ಕಾಂಕ್ರೀಟ್ ಸುರುವಿದ್ವಿ,
ಕಪ್ಪತಗುಡ್ಡದ ಗಾಳಿಗೆ ಬಲ್ಬು ಹೊಯ್ದಾಡತಿದ್ವು.
ಪ್ಲೇಟು ಬಿಚ್ಚಿದ ದಿನ, ರೂಢಿ ನೋಡ್ರಿ,
ಮ್ಯಾಲ ಹತ್ತಿ ಓಳಂಬ ಇಳಿಬಿಟ್ನಿ.
ಗುಂಡು ಗ್ವಾಡಿ ಬಿಟ್ಟು ಎಂಟಡಿ ದೂರ
ಬಯಲಾಗ ನಿಂತು ತೂಗತಿತ್ತು.
ಸಂತ್ಯಾಗ ಧೋತರ ಕಳಚಿದಂಗ ಆತು ನನಗ.
ಬಡಾಬಡಾ ದಾರ ಸುತ್ತಿ ಕಿಸೆಕ ಹಾಕ್ಕೊಂಡ್ನಿ.

ಮಂದಿ ಸೊಟ್ಟ ಆಫೀಸು ಅಂತ ಹೆಸರಿಟ್ರು.
ಗಾಜಿನ್ಯಾಗ ಎದುರಿನ ಪ್ರಿಂಟಿಂಗ್ ಪ್ರೆಸ್ಸು, ಟಂಟಂ ಗಾಡಿ,
ಮೂತಿ ಎತ್ತಿದ ಎಮ್ಮಿ, ಎಲ್ಲಾ ವಾರೆ.

ಮನೀ ಉತಾರ ಬೇಕಾಗಿತ್ತು, ಹ್ವಾದ್ನಿ.
ಒಳಗ ತಂಪು. ಟೋಕನ್ ಇಪ್ಪತ್ತೇಳು.
ಹೊಸಾ ಗಾಜು, ಗಾಜಿನ ಹಿಂದ ಹಳೇ ಮುಳಗುಂದಮಠ.
ನಕ್ಷಾ ಬಿಚ್ಚಿ ಬೊಟ್ಟು ಮಾಡಿದ:
‘ನಿನ್ನ ಕಟ್ಟಿ ಅರ್ಧಾ ಅಡಿ ಹೊರಗ ಬಂದೈತಿ.
ಆಗೂದಿಲ್ಲ.’
ಆಂವನ ಹಿಂದಿನ ಗ್ವಾಡಿ ನೋಡಿದ್ನಿ.
ಆಂವನೂ ಹೊಳ್ಳಿ ನೋಡಿದ.
ಇಬ್ಬರೂ ಏನೂ ಅನ್ನಲಿಲ್ಲ.

ಹೊರಗ ಮೇ ತಿಂಗಳು, ಹನ್ನೆರಡರ ಬಿಸಲು.
ಓಳಂಬ ಬಯಲಾಗ ತೂಗಿದ ಆ ಎಂಟಡಿ
ಈಗ ಒಂದು ನೆರಳಿನ ಪಟ್ಟಿ.
ಪಾಳಿ ಹಚ್ಚಿದವರು, ಪಿಂಚಣಿ ಮುದುಕರು,
ಅರ್ಜಿ ಬರೆಯೋ ಹುಡುಗ, ಆಂವನ ಸ್ಟೂಲು,
ಸವತಿಕಾಯಿ ಬುಟ್ಟಿ ಇಟ್ಕೊಂಡ ಗಂಗಮಾಳವ್ವ,
ಯಾರೂ ಕರೀದs ಬಂದು ಕುಂತಿದ್ರು.
ಹಳೇ ಆಫೀಸಿನ ಗ್ವಾಡಿ ಸೂತಿನ್ಯಾಗಿತ್ತು,
ಅದರ ಬುಡಕ ನಾಯಿನೂ ಮಲಗತಿದ್ದಿಲ್ಲ.

ಆಕಿ ಬುಟ್ಟಿ ಸರಿಸಿ ಜಾಗಾ ಮಾಡಿದ್ಲು.
ಒಂದು ಸವತಿಕಾಯಿ ಸೀಳಿ, ಉಪ್ಪು ಖಾರ ತಿಕ್ಕಿ ಕೊಟ್ಲು.
ಮ್ಯಾಲ ನೋಡಿ ಕೇಳಿದ್ಲು,
‘ಇದು ಬೀಳಂಗಿಲ್ಲ ಹೌದಿಲ್ಲೋ?’

ಕಿಸೇದಾಗ ಗುಂಡು ತೊಡಿಗೆ ಒತ್ತತಿತ್ತು.
‘ಬೀಳಂಗಿಲ್ಲ’ ಅಂದ್ನಿ,
ಅದನ್ನ ಕೇಳದs.